ಮಂಗಳವಾರದ ರಿಬ್ಬನ್

“ಮುನ್ನೂರ ಹದಿನೆಂಟು ತೆಗಿ ಅಂದ್ನಲ್ಲ, ಕೈಗೇನು ಲಕ್ವ ಹೊಡ್ದಿದ್ಯಾ?”

ಇಂಜಿನಿಯರ್ ಗರಾಯ್‌ನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ನಾನು ಪ್ರಿಂಟರಿನ ಮುಚ್ಚಳ ಎತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅದರ ಬಿಸಿ ತಲೆಯನ್ನು ಒರೆಸುತ್ತಿದ್ದೆ.

“ಒರಸ್ದೆ ಹೊಡುದ್ರೆ ಅಕ್ಷರದ ಮಧ್ಯೆ ಬಿಳೀ ಗೀರು ಬೀಳ್ತದೆ, ಸಾಹೇಬ್ರೇ.”

“ನೋಡ್ರಪ್ಪಾ, ಬೆಟ್ಟದ ಮೇಲೆ ಲಾಮಾ ಮೇಯಿಸ್ಕೊಂಡು ಹಿಕ್ಕೆ ಬಾಚ್ತಿದ್ದೋಳು ನನಗೆ ಮೆಷೀನ್ ಪಾಠ ಹೇಳ್ತಾಳೆ!”

ಸಾಲಿನಲ್ಲಿ ನಿಂತು ಪೆಟ್ಟಿಗೆಗೆ ದ್ರಾಕ್ಷಿ ತುಂಬುತ್ತಿದ್ದ ಹೆಂಗಸರು ಕೆಲವರು ನಕ್ಕರು. ನಗದವರ ಮುಖವನ್ನು ಅವನು ನೆನಪಿಟ್ಟುಕೊಳ್ಳುತ್ತಾನೆ.

೩೧೮ ಅಳಿಸಿ ೨೭೧ ಒತ್ತಿದೆ. ಹಣ್ಣಿನ ಜಾತಿ ಅದೇ, ತೂಕ ಅದೇ, ಮೊನ್ನೆ ಮಂಗಳವಾರದ ದಿನಾಂಕವೂ ಅದೇ. ಪ್ರಿಂಟರ್ ಕಿರ್ರೆಂದು ಬಿಳಿಯ ನಾಲಿಗೆ ಚಾಚತೊಡಗಿತು. ಆಚೆ ತಣ್ಣನೆ ಕೋಣೆಯಲ್ಲಿ ಇಬ್ಬರು ಆಳುಗಳು ಹಳೆಯ ಚೀಟಿ ಕಿತ್ತು ಹೊಸದನ್ನು ಅಂಟಿಸುತ್ತಿದ್ದರು.

೩೧೮ ಅಂದರೆ ಲುಸ್ಮಿಲಾ. ೨೭೧ ಅಂದರೆ ಯಾರೂ ಅಲ್ಲ.

ನಮ್ಮಲ್ಲಿ ಪೆಟ್ಟಿಗೆ ತುಂಬುವ ಪ್ರತಿಯೊಬ್ಬಳಿಗೂ ಒಂದು ನಂಬರು. ಅವಳು ತುಂಬಿದ ಪೆಟ್ಟಿಗೆಗೆಲ್ಲ ಅದೇ ನಂಬರಿನ ಚೀಟಿ. ಸಮುದ್ರದಾಚೆ ಯಾವುದೋ ಊರಿನಲ್ಲಿ ಒಂದು ಗೊಂಚಲು ಕೊಳೆತಿದ್ದರೆ ನಂಬರು ವಾಪಸು ಬರುತ್ತದೆ, ಅವಳು ಗೇಟಿನಾಚೆ ಹೋಗುತ್ತಾಳೆ. ಐಸಿನಲ್ಲಿ, ನೀರಿನಲ್ಲಿ, ಹಡಗಿನಲ್ಲಿ ನಲವತ್ತು ದಿನ ಇದ್ದರೂ ಅಳಿಯದ ಅಕ್ಷರ ಬೇಕೆಂದೇ ಈ ಮೆಷೀನು ತಂದಿದ್ದರು. ಮೇಣದ ಕಪ್ಪು ರಿಬ್ಬನ್ನು ಬಿಸಿಗೆ ಕರಗಿ ಚೀಟಿಗೆ ಕಚ್ಚಿಕೊಳ್ಳುತ್ತದೆ. ಉಗುರಲ್ಲಿ ಕೆರೆದರೂ ಹೋಗುವುದಿಲ್ಲ. ಏಳು ಸೀಸನ್ನಿನಿಂದ ನಾನು ಇದರ ಮುಂದೆ ನಿಂತಿದ್ದೇನೆ. ಕೂರಲು ಕುರ್ಚಿ ಕೊಟ್ಟಿಲ್ಲ.

ಮಂಗಳವಾರ ಲುಸ್ಮಿಲಾಳನ್ನು ಗಂಧಕದ ಹಾಳೆ ತರಲು ಉಗ್ರಾಣಕ್ಕೆ ಕಳಿಸಿದ್ದರು. ದ್ರಾಕ್ಷಿ ಕೊಳೆಯದಿರಲೆಂದು ಪೆಟ್ಟಿಗೆಯೊಳಗೆ ಇಡುವ ಹಾಳೆ ಅದು. ನೆನೆದರೆ ಹೊಗೆ ಬಿಡುತ್ತದೆ. ಪೈಪು ಒಡೆದು ಇಡೀ ರಾಶಿ ನೆನೆದಿತ್ತು. ವಾಸನೆ ಸಾಲಿನತ್ತ ಬರದಿರಲೆಂದು ಯಾರೋ ಬಾಗಿಲು ಎಳೆದರು. ಒಳಗೆ ಯಾರಿದ್ದಾರೆಂದು ನೋಡಲಿಲ್ಲ. ಹೊರಗೆ ತಂದಾಗ ಅವಳ ಬಾಯಲ್ಲಿ ನೊರೆಯಿತ್ತು. ಕಣ್ಣು ತೆರೆಯಲು ಆಗುತ್ತಿರಲಿಲ್ಲ.

ಮಂಗಳವಾರ ಆಕೆ ಕೆಲಸಕ್ಕೇ ಬಂದಿರಲಿಲ್ಲ ಎಂದು ಕಂಪನಿ ಆಸ್ಪತ್ರೆಗೆ ಬರೆದು ಕಳಿಸಿತು.

“ನೀನೇ ಅಲ್ವೇನೇ ಅವಳ ಪಕ್ಕ ನಿಂತಿದ್ದು?” ಎಂದು ಸಾಲಿನ ಎದೆಲ್ಮಿರಾಳನ್ನು ಕೇಳಿದೆ.

“ನಾ ಯಾರ್ ಪಕ್ಕಾನೂ ನಿಂತಿರ್ನಿಲ್ಲ ಕಣಕ್ಕ,” ಅಂದಳು. “ನಂಗೆ ಮೂರು ಮಕ್ಕಳವೆ.”

ಸಂಜೆ ಗೇಟಿನ ಹೊರಗೆ ಲುಸ್ಮಿಲಾಳ ತಾಯಿ ಅಸುಂತಾ ಗಂಟು ಇಟ್ಟುಕೊಂಡು ಕೂತಿದ್ದಳು. ಅಯಾಕುಚೊ ಬೆಟ್ಟದಿಂದ ಲಾರಿ ಹತ್ತಿ ಬಂದವಳು. ಕಾವಲಿನವನು ಮೂರು ಸಲ ಎಬ್ಬಿಸಿದ್ದನಂತೆ. ಮೂರು ಸಲವೂ ಎದ್ದು, ಎರಡು ಹೆಜ್ಜೆ ಸರಿದು, ಮತ್ತೆ ಕೂತಿದ್ದಳು. ನಾನು ಮನೆಗೆ ಕರೆದುಕೊಂಡು ಹೋದೆ.

“ಅವತ್ತು ಅವ್ಳು ಕೆಲ್ಸದಲ್ಲಿದ್ಲು ಅಂತ ಸೋಮವಾರದೊಳಗೆ ಕಂಪನಿ ಕಾಗದ ಬರ್ದೇ ಇದ್ರೆ ಹಾಸಿಗೆ ಬುಡಬೇಕಂತೆ ಕಣವ್ವ,” ಅಂದಳು. “ಮೂಗಿಗಾಕಿರೋ ಗಾಳೀನೂ ಕಿತ್ಕತಾರಂತೆ.”

ಹುರಿದ ಜೋಳ ಮುಂದಿಟ್ಟೆ. ಅವಳು ತಿನ್ನಲಿಲ್ಲ.

“ಅವ್ಳ ನಂಬರ್ ಅಳ್ಸವ್ರಂತೆ. ಯಾವ ಬೋಳಿಮಗ ಅಳ್ಸಿದ್ದು?”

“ನಾನೇ ಅವ್ವ.”

ಅಸುಂತಾ ನನ್ನ ಕೈಗಳನ್ನು ನೋಡಿದಳು. ಬೆರಳ ಸಂದಿಯಲ್ಲಿ ಕಪ್ಪು ಮೇಣ. ಹಸಿವು ಮರೆಸುವ ಕೋಕಾ ಎಲೆ ಬಾಯಿಗೆ ಹಾಕಿಕೊಂಡು ಗೋಡೆಗೆ ತಿರುಗಿ ಮಲಗಿದಳು. ನಾನೂ ಮಲಗಿದೆ. ಕಾಲುಗಳು ಮಾತ್ರ ಇನ್ನೂ ಮೆಷೀನಿನ ಮುಂದೆ ನಿಂತೇ ಇದ್ದಂತಿತ್ತು.

ಬೆಳಿಗ್ಗೆ ಅವಳ ಕೂಗಿಗೆ ಎಚ್ಚರವಾಯಿತು.

“ಇದೇನಮ್ಮಿ! ನಿಮ್ಮೂರಲ್ಲಿ ಹಕ್ಕಿಗೂ ಲೇಬಲ್ ಅಂಟುಸ್ತೀರಾ?”

ಮನೆಯ ಹಿಂದೆ ನನ್ನದೊಂದು ಅವರೆ ಮಡಿ ಇದೆ. ಪ್ರಿಂಟರಿನಲ್ಲಿ ಮುಗಿದ ರಿಬ್ಬನ್ನನ್ನು ನಾವು ಹೆಂಗಸರು ಸರದಿಯ ಮೇಲೆ ಮನೆಗೆ ಒಯ್ಯುತ್ತೇವೆ. ಗೂಟದಿಂದ ಗೂಟಕ್ಕೆ ಕಟ್ಟಿದರೆ ಮರಳುಗಾಡಿನ ಗಾಳಿಗೆ ಬುಸುಗುಟ್ಟಿ ಹಕ್ಕಿಗಳನ್ನು ಓಡಿಸುತ್ತದೆ. ಕಸವೆಂದು ಯಾರೂ ತಡೆಯುವುದಿಲ್ಲ. ಈ ವಾರದ ಸರದಿ ನನ್ನದಾಗಿತ್ತು. ಮಂಗಳವಾರ ಸಂಜೆ ತಂದು, ನಿದ್ದೆಗಣ್ಣಲ್ಲೇ ಕಟ್ಟಿ ಮರೆತಿದ್ದೆ.

ಅಸುಂತಾ ಒಂದು ಮಾರು ರಿಬ್ಬನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಸೂರ್ಯನಿಗೆ ಒಡ್ಡಿದ್ದಳು. ಅಕ್ಷರಗಳು ಚೀಟಿಗೆ ಹೋದ ಜಾಗದಲ್ಲಿ ಕಪ್ಪು ಇರಲಿಲ್ಲ. ಅಲ್ಲಿಂದ ಬೆಳಕು ತೂರಿ ಬರುತ್ತಿತ್ತು. ಆಕೆಗೆ ಓದು ಬಾರದು. ಆದರೆ ಮಗಳು ಊರಿಗೆ ಬಂದಾಗಲೆಲ್ಲ ಅವಳ ಎದೆಯ ಮೇಲಿನ ನಂಬರಿನ ಬಿಲ್ಲೆಯನ್ನು ಒರೆಸಿಕೊಟ್ಟಿದ್ದಳು.

“ಇದು ನನ್ ಮಗಳದ್ದಲ್ವಾ?”

೩೧೮. ಮಂಗಳವಾರ, ಬೆಳಿಗ್ಗೆ ಏಳು ಹತ್ತು. ಮುಂದೆ ಸರಿಸಿದೆ. ಬೇರೆಯವರ ನಂಬರುಗಳು. ಮತ್ತೆ ೩೧೮, ಒಂಬತ್ತೂವರೆ. ಮತ್ತೆ ೩೧೮, ಹನ್ನೊಂದು ನಲವತ್ತು. ಕೊಟ್ಟ ಚೀಟಿ ಮುಗಿದಾಗಲೆಲ್ಲ ಲುಸ್ಮಿಲಾ ಬಂದು, “ಇನ್ನಷ್ಟು ಹೊಡ್ಕೊಡಕ್ಕ, ಇವತ್ತು ಕೈ ಓಡ್ತಾ ಅದೆ,” ಅಂದಿದ್ದಳು. ಹನ್ನೆರಡರ ನಂತರ ಆ ನಂಬರು ಇರಲಿಲ್ಲ.

ನಾನು ಗೂಟದ ಬುಡದಲ್ಲಿ ಕೂತು ಅದನ್ನೇ ಮತ್ತೆ ಓದಿದೆ. ಕಂಪ್ಯೂಟರಿನಲ್ಲಿ ಅಳಿಸಿದ್ದೆ, ಪೆಟ್ಟಿಗೆಯ ಮೇಲೆ ಅಳಿಸಿದ್ದೆ. ಇದೊಂದು ನನಗೂ ಹೊಳೆದಿರಲಿಲ್ಲ, ಗರಾಯ್‌ಗೂ ಹೊಳೆದಿರಲಿಲ್ಲ.

ಕೆಲಸಕ್ಕೆ ಹೋಗಲಿಲ್ಲ. ಒಂದು ತುಂಡು ಕತ್ತರಿಸಿಕೊಂಡು ಇಬ್ಬರೂ ಕಾರ್ಮಿಕರ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಅದನ್ನು ಸತ್ತ ಹಾವಿನಂತೆ ಎರಡು ಬೆರಳಲ್ಲಿ ಎತ್ತಿದ.

“ಏನಮ್ಮಾ ಇದು, ಕಸ ಗುಡಿಸ್ಕೊಂಡು ಬಂದಿದ್ದೀಯಾ?”

“ಬೆಳ್ಕಿಗೆ ಹಿಡೀರಿ ಸ್ವಾಮಿ.”

ಹಿಡಿದ. ತುಂಬಾ ಹೊತ್ತು ಹಿಡಿದ. ಆಮೇಲೆ ದನಿ ತಗ್ಗಿಸಿ, “ತುಂಡು ನಡೆಯಲ್ಲ. ಇಡೀ ಸುರುಳಿ ಬೇಕು. ನಾಳೆ ನಾಡಿದ್ದು ರಜೆ, ಸೋಮವಾರ ತಗೊಂಡ್ ಬನ್ನಿ, ಆಸ್ಪತ್ರೆಗೆ ನಾನೇ ಬರೀತೀನಿ,” ಅಂದ. ನಾವು ಹೊಸ್ತಿಲು ದಾಟುವ ಮೊದಲೇ ಒಳಗೆ ಯಾರೋ ಫೋನಿನಲ್ಲಿ ಕಂಪನಿಯ ಹೆಸರು ಹೇಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಗರಾಯ್‌ನ ಬಿಳಿ ಗಾಡಿ ಬಂತು. ಗಾಳಿ ಎದ್ದು ಮರಳು ಹಾರುತ್ತಿತ್ತು. ಅಸುಂತಾ ಗೂಟಗಳಿಂದ ರಿಬ್ಬನ್ ಬಿಚ್ಚಿ, ನೂಲು ಸುತ್ತುವ ಹಾಗೆ ಮೊಣಕೈಗೆ ಸುತ್ತುತ್ತಿದ್ದಳು. ಅವಳು ಅವನತ್ತ ನೋಡಲಿಲ್ಲ.

“ಸೆನೋಬಿಯಾ,” ಅಂದ. ಏಳು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದದ್ದು. “ಎಷ್ಟು ಚೆನ್ನಾಗಿ ಬೆಳೆದಿದೆಯಲ್ಲ ಅವರೆ.”

ನಾನು ಅವನಿಗೂ ಮಡಿಗೂ ಮಧ್ಯೆ ಬಂದು ನಿಂತೆ.

“ಪ್ರತಿ ಸೀಸನ್ ಮುಗಿದಾಗ್ಲೂ ಕೇಳ್ತಿದ್ದೆ ಅಲ್ವಾ ನೀನು, ಕಾಯಂ ಮಾಡಿ ಅಂತ? ಮಾಡಿಸಿದ್ದೀನಿ. ಆಫೀಸಿನಲ್ಲಿ ಕೂತು ಮಾಡೋ ಕೆಲಸ. ಫ್ಯಾನಿನ ಕೆಳಗೆ.” ಜೇಬಿನಿಂದ ಒಂದು ಬಿಲ್ಲೆ ತೆಗೆದ. “ನಾಳೆಯಿಂದ್ಲೇ. ಆ ಪ್ಲಾಸ್ಟಿಕ್ ಕಸ ಗಾಡಿಗೆ ಹಾಕು, ಅಷ್ಟೆ. ಸುಟ್ಟ್ ಬಿಡೋಣ.”

“ಹಾಕ್ದೇ ಇದ್ರೆ?”

“ಹಾಕದೇ ಇದ್ರೆ ಈ ಕಣಿವೇಲಿ ಯಾವ ದ್ರಾಕ್ಷಿ ತೋಟದ ಗೇಟೂ ನಿನಗೆ ತೆಗೆಯಲ್ಲ. ನನ್ನ ಬಾಯಿಂದ ಯಾಕೆ ಹೇಳಿಸ್ತೀಯಾ?”

ಗೊತ್ತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಮೊಣಕಾಲು ನೋಯುತ್ತಿತ್ತು. ಕೂತು ಮಾಡೋ ಕೆಲಸ ಎಂದಾಗ ಮೊದಲು ಮೊಣಕಾಲಿಗೇ ಆಸೆ ಹುಟ್ಟಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಬಿಲ್ಲೆಯನ್ನು ತೆಗೆದುಕೊಂಡು ನೋಡಿದೆ. ನನ್ನ ಮೆಷೀನಿನಲ್ಲೇ ಬೇರೆ ಯಾರೋ ಹೊಡೆದದ್ದು. ನನ್ನ ಹೆಸರಿನ ನಟ್ಟನಡುವೆ ಉದ್ದಕ್ಕೂ ಒಂದು ಬಿಳಿ ಗೀರು. ಪ್ರಿಂಟರಿನ ತಲೆ ಒರೆಸಿರಲಿಲ್ಲ.

ಹಿಂದೆ ರಿಬ್ಬನ್ನಿನ ಬುಸುಗುಟ್ಟುವಿಕೆ ನಿಂತಿತು. ಅಸುಂತಾ ಕೊನೆಯ ಗೂಟ ಬಿಚ್ಚಿದ್ದಳು.

ಬಿಲ್ಲೆಯನ್ನು ಅವನ ಕೈಗೇ ವಾಪಸು ಇಟ್ಟೆ.

“ಬ್ಯಾಡ,” ಅಂದೆ. “ಕೊಡಲ್ಲ.”