ನಾಲ್ಕು ಬೆರಳು ಆಚೆ

ಸೇಲಂನ ನೇಕಾರರ ಕೇರಿ ಗುಗೈಯಲ್ಲಿ ಯಾರು ಮಗ್ಗ ಹೂಡಿದರೂ ಮುನಿವೆಂಕಟಪ್ಪನನ್ನೇ ಕರೆಯುತ್ತಿದ್ದರು. ಅವನ ಬಳಿ, ತುದಿಗಳನ್ನು ಕೂಡಿಸಿದ ಗಂಟೂ ಸೇರಿ ಮೂರು ಗಂಟಿನ ಸುತ್ತುಹಗ್ಗವಿತ್ತು. ಗಂಟುಗಳ ನಡುವೆ ಮೂರು ಮೊಳ, ನಾಲ್ಕು ಮೊಳ, ಐದು ಮೊಳ. ಮೂರು ಗೂಟಗಳಿಗೆ ಹಗ್ಗವನ್ನು ಬಿಗಿದರೆ ಒಂದು ಮೂಲೆ ತಪ್ಪದೆ ನೇರವಾಗುತ್ತಿತ್ತು. ಅದನ್ನು ನೋಡಿಕೊಂಡು ಕಂಬ ಹೂಳುತ್ತಿದ್ದ.

"ಯಾಕಪ್ಪಾ ಐದೇ ಆಗ್ಬೇಕು?" ಎಂದು ಮಗಳು ರಾಜಾತಿ ಚಿಕ್ಕವಳಿದ್ದಾಗ ಕೇಳಿದ್ದಳು.

ಅಪ್ಪ ಚೌಕಳಿ ಬಟ್ಟೆಯಿಂದ ಮೂರು ತುಂಡು ಕತ್ತರಿಸಿ ನೆಲದ ಮೇಲೆ ಮೂಲೆಗೆ ಮೂಲೆ ತಾಗಿಸಿ ಇಟ್ಟ. ಒಂದರ ಪಕ್ಕಕ್ಕೆ ಮೂರು ಮನೆ, ಇನ್ನೊಂದಕ್ಕೆ ನಾಲ್ಕು, ದೊಡ್ಡದಕ್ಕೆ ಐದು. "ಎಣ್ಸು."

ಒಂಬತ್ತು, ಹದಿನಾರು, ಇಪ್ಪತ್ತೈದು.

"ಚಿಕ್ಕವೆರಡೂ ಸೇರಿ ದೊಡ್ಡದಾಗ್ಬೇಕು ಕಣವ್ವಾ. ಆಗಲಿಲ್ಲಾ ಅಂದ್ರೆ ಮೂಲೆ ಓರೆ."

ಮೆಟ್ಟೂರು ಅಣೆಕಟ್ಟು ಮುಗಿದ ಮರುವರ್ಷ, ಹತ್ತಾರು ಮಗ್ಗಗಳ ಯಜಮಾನ ಕುಪ್ಪುಸ್ವಾಮಿಯ ಮನೆಯಲ್ಲಿ ಮಗ್ಗದ ಕಂಬವೊಂದು ಮುರಿದು ನೇಕಾರ ಚಿನ್ನಪ್ಪನ ಕಾಲು ಜಜ್ಜಿಹೋಯಿತು. ಕುಪ್ಪುಸ್ವಾಮಿ ತಂದಿದ್ದ ಮರ ಹುಳ ಹಿಡಿದದ್ದು. ಆದರೆ ಅವನು ಕೇರಿಯ ಹಿರಿಯರ ಮುಂದೆ, "ಮುನಿವೆಂಕಟಪ್ಪ ಮೂಲೆ ತಪ್ಪಿಸಿ ಊಳಿದ, ಅದಕ್ಕೇ ಮುರೀತು" ಎಂದ. ಹಿರಿಯರು ನಂಬಿದರು. ಅಂದಿನಿಂದ ಮುನಿವೆಂಕಟಪ್ಪನನ್ನು ಯಾರೂ ಕರೆಯಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಮಲಗಿದವನು ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ ತೀರಿಕೊಂಡ.

ತಿಥಿ ಮುಗಿದ ಮೇಲೆ ಕುಪ್ಪುಸ್ವಾಮಿ ಬಂದ. "ರಾಜಾತಿ, ನಿಮ್ಮಪ್ಪನ ಅಗ್ಗ ಕೊಡವ್ವ. ಒಸದಾಗಿ ಆರು ಮಗ್ಗ ಊಡ್ಬೇಕು."

ಅಪ್ಪನನ್ನು ಕೊಂದ ಬಾಯಿ ಅಪ್ಪನ ಹಗ್ಗವನ್ನೇ ಕೇಳುತ್ತಿತ್ತು. ರಾಜಾತಿ ಗೂಟದಲ್ಲಿ ತೂಗುತ್ತಿದ್ದ ಹಗ್ಗಕ್ಕೆ ಅಡ್ಡ ನಿಂತಳು. "ಉಡುಕಿ ಇಡ್ತೀನಿ. ನಾಳೆ ಬನ್ನಿ ಮಾಮಾ," ಎಂದಳು.

ಅವನು ಹೋದೊಡನೆ ಬಾಗಿಲು ಹಾಕಿ, ಹಗ್ಗದ ಕೂಡುಗಂಟನ್ನು ಬಿಚ್ಚಿ, ಐದು ಮೊಳದ ಕಡೆಗೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಮತ್ತೆ ಕಟ್ಟಿದಳು. ಕುಪ್ಪುಸ್ವಾಮಿಗೆ ಹಗ್ಗ ಗೊತ್ತಿತ್ತು, ಅದರ ಲೆಕ್ಕ ಗೊತ್ತಿರಲಿಲ್ಲ. ಆರು ಮಗ್ಗಗಳನ್ನೂ ತಾನೇ ನಿಂತು ಹೂಡಿಸಿದ.

ಚೌಕಳಿ ಸೀರೆಗಳು ಒಂದೊಂದಾಗಿ ಸೊಟ್ಟಗಾದವು. ವ್ಯಾಪಾರಿಗಳು ಅಂಗಡಿ ಮೆಟ್ಟಿಲಿಂದಲೇ ತಿರುಗಿಸಿ ಕಳಿಸಿದರು. ಸಿಟ್ಟನ್ನೆಲ್ಲ ಕುಪ್ಪುಸ್ವಾಮಿ ನೇಕಾರರ ಮೇಲೆ ತೀರಿಸಿದ. ಅದು ಕಿವಿಗೆ ಬಿದ್ದಾಗ ಮಾತ್ರ ರಾಜಾತಿಗೆ ಸಂಕಟವಾಯಿತು. ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ಅವನು ಹಿರಿಯರನ್ನು ಕರೆದುಕೊಂಡೇ ಅವಳ ಬಾಗಿಲಿಗೆ ಬಂದ. "ಅಗ್ಗದಾಗೆ ಏನೇ ಮಾಡ್ದೆ!"

"ನಾಲ್ಕು ಬೆರಳು ಜಾಸ್ತಿ ಬಿಟ್ಟೆ," ಎಂದಳು ರಾಜಾತಿ. "ಬೇಕಂತಲೇ ಬಿಟ್ಟೆ."

"ಕೇಳ್ದ್ರಾ! ಅವಳೇ ಒಪ್ಕೊಂಡ್ಲು!"

"ಆರು ಮಗ್ಗಕ್ಕೂ ಮೂಲೆ ತಪ್ಪೈತೆ. ಬಟ್ಟೆ ಓರೆಯಾಯ್ತು. ಕಂಬ ಎಷ್ಟು ಮುರಿದ್ವು, ನೀನೇ ಎಣ್ಸು."

ಕೋಲೂರಿಕೊಂಡು ಬಂದಿದ್ದ ಚಿನ್ನಪ್ಪ ಹಿಂದಿನಿಂದ ಹೇಳಿದ: "ಒಂದೂ ಮುರೀಲಿಲ್ಲ. ನನ್ನ ಕಾಲ ಮೇಲೆ ಬಿದ್ದ ಕಂಬದಾಗೆ ಹುಳದ ಪುಡಿ ಸುರೀತಿತ್ತು. ಇವರ ಮನೆ ಕೂಲಿಯೋನು, ಎದರಿ ಸುಮ್ನಿದ್ದೆ."

ಹಿರಿಯರು ತಲೆ ತಗ್ಗಿಸಿದರು. ಅವರಲ್ಲೊಬ್ಬರು, "ತಪ್ಪಾಗೋಯ್ತು ತಾಯಿ. ನೀನೇ ಬಂದು ಮಗ್ಗ ಸರಿ ಮಾಡ್ಕೊಡು," ಎಂದರು. ಕುಪ್ಪುಸ್ವಾಮಿಯೂ ಕೈ ಮುಗಿದ.

"ಈ ಬೀದಿಯಾಗೆ ಯಾರ್ ಕರೆದ್ರೂ ಓಗ್ತೀನಿ," ಎಂದಳು ರಾಜಾತಿ. "ಇವರ ಒಸ್ತಿಲು ಮಾತ್ರ ತುಳಿಯಲ್ಲ."

ಹಿರಿಯರು ಒತ್ತಾಯಿಸಲಿಲ್ಲ. ಸಂಕ್ರಾಂತಿಯ ತೈ ತಿಂಗಳೊಳಗೆ ಆ ಆರು ಮಗ್ಗಗಳ ನೇಕಾರರೆಲ್ಲ ಬೇರೆ ಯಜಮಾನರಲ್ಲಿಗೆ ಹೋದರು. ಅವರಿಗೆ ಮಗ್ಗ ಹೂಡಿಕೊಟ್ಟವಳು ರಾಜಾತಿ.