ಕೈಗಳಿರುವ ನೀರು

ತಾಯೆಬ್ ಡಬ್ಬಿಯಲ್ಲಿ ಮೊಗೆದು ಚೆಲ್ಲಿದಷ್ಟೂ ಗುಂಡಿಗೆ ನೀರು ಬರುತ್ತಲೇ ಇತ್ತು. ಸೊಂಟದ ಆಳಕ್ಕೆ ಅಗೆಯುವಷ್ಟರಲ್ಲಿ ಒಸರತೊಡಗಿದ್ದು ಈಗ ಅವನ ಕಣಕಾಲು ಮುಳುಗಿಸಿತ್ತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಉಪ್ಪು.

"ಸಾಕು ಮೇಲೆ ಬಾ ರಯೀಸ್," ಎಂದ ಲಸ್ಸಾದ್. ತಾಯೆಬ್‌ನ ದೋಣಿಯಲ್ಲಿ ಹದಿನೈದು ವರ್ಷದಿಂದ ದುಡಿಯುವವನು, ದೋಣಿಯ ಯಜಮಾನನನ್ನು ಹಾಗೇ ಕರೆಯುವವನು; ಬಲಗೈಯಲ್ಲಿ ಮೂರೇ ಬೆರಳು. "ಇದು ಗೋರಿಯಲ್ಲ, ಬಾವಿ. ನಿಮ್ಮಣ್ಣನ್ನ ಇದ್ರಲ್ಲಿ ಮಲಗ್ಸಿದ್ರೆ ಈಜ್ಕೊಂಡು ವಾಪಸ್ ಬರ್ತಾನೆ."

ಯಾರೂ ನಗಲಿಲ್ಲ. ಗೋರಿ ಅಗೆಯುವ ಮುದುಕ ಗುದ್ದಲಿಯ ಮೇಲೆ ಗಲ್ಲ ಊರಿ ಗುಂಡಿಯನ್ನೇ ನೋಡುತ್ತಿದ್ದ. "ನಮ್ಮಪ್ಪನ್ನ ಇದೇ ಸಾಲಲ್ಲಿ ಇಟ್ವಿ. ಆಗ ಒಣಗಿದ ಮರಳಿತ್ತು. ಕಡಲಿಗೆ ಇವ್ನ ಹತ್ರ ಏನೋ ಕೆಲ್ಸ ಇದೆ ಅನ್ಸುತ್ತೆ."

"ಅವ್ನು ಮೀನು ಹಿಡಿಯೋದು ಬಿಟ್ಟು ಇಪ್ಪತ್ತು ವರ್ಷ ಆಯ್ತು," ಎಂದ ತಾಯೆಬ್.

"ನಾನು ಮೀನಿನ ಮಾತು ಆಡ್ಲಿಲ್ಲ," ಎಂದು ಮುದುಕ ಗೋಡೆಯ ಪಕ್ಕದ ಎತ್ತರದಲ್ಲಿ ಇನ್ನೊಂದು ಗುಂಡಿಗೆ ಗೆರೆ ಎಳೆದ.

ಮಧ್ಯಾಹ್ನದ ನಮಾಜಿನ ನಂತರ ಅಣ್ಣ ಫರ್ಜಾನಿಯನ್ನು ಅಲ್ಲಿ ಮಣ್ಣು ಮಾಡಿದರು. ಅಂದು ಕೆರ್ಕೆನ್ನಾ ದ್ವೀಪದಲ್ಲಿ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಹಕ್ಕಿಗಳೂ ಇರಲಿಲ್ಲ. ಕಡಲು ಉಸಿರು ಕಟ್ಟಿಕೊಂಡಂತೆ ಬಿದ್ದಿತ್ತು. ಬಿಳುಚಿದ ನೀರಿನ ನಡುವೆ, ಪೂರ್ವಕ್ಕೆ, ಒಂದು ತಾವು ಮಾತ್ರ ಕಡುಹಸಿರಾಗಿ ಕಾಣುತ್ತಿತ್ತು. ಶವಕ್ಕೆ ಹೆಗಲು ಕೊಟ್ಟವರು ಅತ್ತ ನೋಡದೆ ನಡೆದಿದ್ದರು. ಬೆಸ್ತರು ಅದನ್ನು 'ಕೈಗಳು' ಎನ್ನುತ್ತಿದ್ದರು.

*

ಅಪ್ಪನಿಂದ ಬಂದ ಖರ್ಜೂರದ ಗರಿಯ ಬೇಲಿ ಫರ್ಜಾನಿಯ ಪಾಲಿಗಿತ್ತು. ಆಳವಿಲ್ಲದ ನೀರಿನಲ್ಲಿ ಅದನ್ನು ನೆಟ್ಟರೆ ಮೀನು ತಾನಾಗಿ ದಾರಿ ತಪ್ಪಿ ಬಂದು ಬುಟ್ಟಿಗೆ ಬೀಳುತ್ತಿತ್ತು. ತಾಯೆಬ್‌ಗೆ ಅಷ್ಟು ತಾಳ್ಮೆಯಿರಲಿಲ್ಲ. ಅವನು ಇಂಜಿನ್ ದೋಣಿ ಕೊಂಡ, ತಳ ಬಾಚುವ ಬಲೆ ಕಟ್ಟಿದ. ಅವನಂಥವರು ಹಲವರಾದರು. ಬಲೆ ಹಾದಲ್ಲೆಲ್ಲ ಕಡಲ ಹುಲ್ಲು ಬೇರುಸಹಿತ ಕಿತ್ತು ಬಂತು. ಎರಡೇ ವರ್ಷದಲ್ಲಿ ಅಣ್ಣನ ಬುಟ್ಟಿ ಖಾಲಿಯಾಯಿತು. ಫರ್ಜಾನಿ ಬೇಲಿ ಕಿತ್ತುಹಾಕಿ, ಮನೆಯ ಹಿತ್ತಿಲಲ್ಲಿ ಸಿಮೆಂಟ್ ಇಟ್ಟಿಗೆ ಮಾಡಲು ಕೂತ.

ಮರುವರ್ಷ ಪೂರ್ವದ ನೀರಿನಲ್ಲಿ ತಾಯೆಬ್‌ನ ಬಲೆಯನ್ನು ಏನೋ ಹಿಡಿಯಿತು. ಇಂಜಿನ್ ಅರಚುತ್ತಿತ್ತು, ದೋಣಿ ಮುಂದೆ ಹೋಗದೆ ಹಿಂಬದಿಯಿಂದ ಮುಳುಗುತ್ತಿತ್ತು. ಹಗ್ಗ ಕತ್ತರಿಸಿ ಬದುಕಿ ಬಂದರು.

"ಯಾರೋ ಎರಡೂ ಕೈಯಲ್ಲಿ ಹಿಡ್ದು ಜಗ್ಗಿದಂಗಿತ್ತಣ್ಣಾ," ಎಂದು ಹೇಳುವಾಗ ತಾಯೆಬ್‌ನ ಹಲ್ಲು ಕಟಕಟ ಎನ್ನುತ್ತಿತ್ತು. ಫರ್ಜಾನಿ ಹರಿದ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿ ಕೈಗೆತ್ತಿಕೊಂಡ. ಬಲೆ ಹೆಣೆಯುವುದರಲ್ಲಿ ದ್ವೀಪದಲ್ಲೇ ಅವನಷ್ಟು ಚುರುಕು ಕೈ ಇರಲಿಲ್ಲ. ಅಲ್ಲಿಂದ ಮುಂದೆ ಆ ನೀರಿನಲ್ಲಿ ಹರಿದ ಪ್ರತಿ ಬಲೆಯನ್ನೂ ಅವನೇ ಸರಿ ಮಾಡಿಕೊಟ್ಟ.

ಒಮ್ಮೆ ಬಿಗಿದ ಹಗ್ಗಕ್ಕೆ ಸಿಕ್ಕಿ ಲಸ್ಸಾದ್‌ನ ಎರಡು ಬೆರಳು ಹೋದವು. ಆ ಸಂಜೆ ಫರ್ಜಾನಿಯ ಸೂಜಿ ಮತ್ತೆ ಮತ್ತೆ ಜಾರಿತು.

"ಆ ಜಾಗ ಬಿಟ್ಬಿಡು ತಾಯೆಬ್."

"ನಾನ್ ಬಿಟ್ರೆ ಇನ್ನೊಬ್ಬ ಬಾಚ್ಕೊಂಡು ಹೋಗ್ತಾನೆ."

"ಇನ್ನೊಬ್ಬನ್ನೂ ಅದು ಬಿಡಲ್ಲ."

ಫರ್ಜಾನಿ ತಲೆ ಎತ್ತದೆ ಆ ಮಾತು ಹೇಳಿದ. ಮುಂದೆ ತಾಯೆಬ್ ಅತ್ತ ಹೋಗಲಿಲ್ಲ, ಬೇರೆಯವರೂ ಹೋಗಲಿಲ್ಲ. ಫರ್ಜಾನಿ ಒಂದು ತಿಂಗಳು ದಿನಾ ಲಸ್ಸಾದ್‌ನ ಮನೆಗೆ ಸಾರು ಹೊತ್ತ.

*

ಮಣ್ಣು ಮುಗಿಸಿ ಬಂದು ಫರ್ಜಾನಿಯ ಮನೆಯ ಮುಂದೆ ಗಂಡಸರು ಕುಸ್‌ಕುಸ್ ಉಣ್ಣುತ್ತಿದ್ದರು. ಸತ್ತವನ ಹೆಂಡತಿ ಮಬ್ರೂಕಾ ಬಾಗಿಲ ಸಂದಿಯಿಂದ ಮೈದುನನನ್ನು ಹಿತ್ತಿಲಿಗೆ ಕರೆದಳು. ಗೋಣಿತಾಟು ಸರಿಸಿದಳು.

ಮರದ ಅಚ್ಚಿನ ಪಕ್ಕ ಎದೆಯೆತ್ತರದ ಸಿಮೆಂಟ್ ಕಂಬವೊಂದು ಮಲಗಿತ್ತು. ಅದರ ತಲೆಯಿಂದ ಐದು ಕಬ್ಬಿಣದ ಸರಳು ಹೊರಚಾಚಿ, ಬೆರಳಿನಂತೆ ಒಳಕ್ಕೆ ಬಾಗಿದ್ದವು.

"ಇದೇ ಕೊನೇದು. ಶುಕ್ರವಾರ ತಗೊಂಡು ಹೋಗಿ ಪೂರ್ವದ ನೀರಿಗೆ ಇಳಿಸ್ಬೇಕು ಅಂತಿದ್ರು. ನಂಗೆ ಎತ್ತಕ್ಕಾಗಲ್ಲ."

ತಾಯೆಬ್ ಒಂದು ಹೆಜ್ಜೆ ಹಿಂದೆ ಸರಿದ. "ಅತ್ತಿಗೆ, ನಾನು ಮುಳುಗಿ ಸಾಯ್ತಿದ್ದೆ. ನನ್ ಬಲೆ ತೊಡೆ ಮೇಲೆ ಇಟ್ಕೊಂಡು ಹೆಣೀತಿದ್ನಲ್ಲ, ಆ ಮನುಷ್ಯ!"

"ಹೆಣೆದಿದ್ದು ನಿಂಗೋಸ್ಕರ. ಇದು ಆ ಹುಲ್ಲಿಗೋಸ್ಕರ."

"ಲಸ್ಸಾದನ ಬೆರಳು?"

"ಆ ವಾರ ಅವ್ರು ಅನ್ನ ಮುಟ್ಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಹೊರಟ್ರು. ನಾನು ಬಾಯಿಗೆ ಬಂದಂಗೆ ಬೈದೆ. 'ಈಗ ನಿಲ್ಸಿದ್ರೆ ಆ ಬೆರಳು ಸುಮ್ಸುಮ್ನೆ ಹೋದಂಗಾಗುತ್ತೆ' ಅಂದ್ರು."

ಹಿತ್ತಿಲ ಬಾಗಿಲಲ್ಲಿ ನೆರಳು ಅಲುಗಿತು. ಕೈ ತೊಳೆಯಲು ಬಂದಿದ್ದ ಲಸ್ಸಾದ್ ಅಲ್ಲೇ ನಿಂತಿದ್ದ. ಎಷ್ಟು ಹೊತ್ತಾಗಿತ್ತೋ. ಅವನು ನಿಧಾನವಾಗಿ ಬಂದು ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತ, ಮೂರು ಬೆರಳಿನ ಕೈಯನ್ನು ಸರಳುಗಳ ಮೇಲೆ ಇಟ್ಟ.

"ಸಾರು ಚೆನ್ನಾಗಿತ್ತು," ಎಂದ. "ಉಪ್ಪು ಮಾತ್ರ ಜಾಸ್ತಿ ಇರ್ತಿತ್ತು."

ಮಬ್ರೂಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹಿಡ್ಕೊ ರಯೀಸ್, ಒಬ್ಬನ ಕೈಲಿ ಆಗಲ್ಲ," ಎಂದ ಲಸ್ಸಾದ್ ಎದ್ದು ನಿಂತು. "ನಂದು ಯಾವುದಕ್ಕೆ ಹೋಯ್ತು ಅಂತ ನಾನು ನೋಡ್ಬೇಕು."

*

ಕಂಬವನ್ನು ಫರ್ಜಾನಿಯ ಹಳೇ ದೋಣಿಗೆ ಏರಿಸಿ ಹುಟ್ಟು ಹಾಕಿಕೊಂಡು ಹೋದರು. ಬಿಸಿಲು ಓರೆಯಾಗಿತ್ತು. ಹಸಿರಿನ ಅಂಚಿಗೆ ಬಂದಾಗ ಹುಟ್ಟಿನ ಸದ್ದು ತಾನಾಗಿ ಸಣ್ಣದಾಯಿತು. ಲಸ್ಸಾದ್ ಗಾಜಿನ ತಳದ ಬಕೆಟ್ಟನ್ನು ನೀರಿಗೆ ಒತ್ತಿ ಅದರೊಳಗೆ ಮುಖ ಇಟ್ಟ. ಬಹಳ ಹೊತ್ತು ಎತ್ತಲಿಲ್ಲ. ಕೊನೆಗೆ ಬಕೆಟ್ಟನ್ನು ತಾಯೆಬ್‌ನತ್ತ ದೂಡಿದ.

ತಾಯೆಬ್ ಬಗ್ಗಿ ನೋಡಿದ. ಕೆಳಗೆ ಅವು ನಿಂತಿದ್ದವು, ಸಾಲು ಸಾಲಾಗಿ, ಎದೆಯವರೆಗೆ ಹುಲ್ಲಿನಲ್ಲಿ ಹೂತು, ಕೈ ಮೇಲೆತ್ತಿಕೊಂಡು. ನೀರು ಕದಡದಿದ್ದರೂ ಹುಲ್ಲು ಒಂದೇ ಕಡೆಗೆ ಮಣಿದು ಮತ್ತೆ ಏಳುತ್ತಿತ್ತು. ಸರಳಿನ ಬೆರಳುಗಳಿಗೆ ಅವನದೇ ಬಲೆಗಳ ಚಿಂದಿ ಜೋತುಬಿದ್ದಿತ್ತು. ಆ ಚಿಂದಿಗೆ ಹತ್ತು ತೋಳಿನ ಬೊಂಡಾಸ ಮೀನಿನ ಮೊಟ್ಟೆಗಳು ಕರಿದ್ರಾಕ್ಷಿಯ ಗೊಂಚಲಿನಂತೆ ಕಚ್ಚಿಕೊಂಡಿದ್ದವು. ಹತ್ತಿರದ ಗೊಂಚಲಿನಲ್ಲಿ ಒಂದು ಬಲಿತು, ಊದಿಕೊಂಡು, ಗಾಜಿನಂತೆ ತೆಳ್ಳಗಾಗಿತ್ತು. ಅದರೊಳಗೆ ಉಗುರಿನಷ್ಟು ಜೀವವೊಂದು ಮೆಲ್ಲಗೆ ಹೊರಳಿತು. ಕಣ್ಣು ತೆರೆದು ಅವನನ್ನು ನೋಡಿತು.