ಒಂದೇ ಅಳತೆಯ ಮೂರು ಮಚ್ಚೆ

ಕೋಳಿಪುಕ್ಕ ಶಿವರುದ್ರಮ್ಮನ ಎಡತೋಳಿನ ಮೇಲೆ ಎರಡು ಸಲ ಓಡಾಡಿತು. ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿದ್ದ ಆಕೆ ಬೆರಳು ಎತ್ತಲಿಲ್ಲ. ಕುಷ್ಠರೋಗ ಸಮೀಕ್ಷೆಗೆ ಬಂದಿದ್ದ ದೇವಯ್ಯ ಪುಕ್ಕವನ್ನು ಕೆಳಗಿಟ್ಟು ಗುಂಡುಸೂಜಿ ತೆಗೆದುಕೊಂಡ.

"ಮುಟ್ಟಿದ ಕಡೆ ಬೆರಳಿಡಬೇಕು ಕಣಮ್ಮ. ಈಗ?"

"ಎಲ್ಲಿ ಮುಟ್ಟಿದ್ರಿ?"

ಸೂಜಿಯ ಮೊನೆ ಮಚ್ಚೆಯ ನಡುವೆ ನಿಂತಿತ್ತು. ದೇವಯ್ಯ ತೋಳಿನ ಮೇಲಿನ ಇನ್ನೆರಡು ಮಚ್ಚೆಗಳನ್ನೂ ಚುಚ್ಚಿ ನೋಡಿದ. ಅಲ್ಲೂ ಅಷ್ಟೆ.

ಗಾವಡಗೆರೆ ಸ್ಕೂಲಿನ ಜಗಲಿಯಲ್ಲಿ ಮೂವತ್ತು ಜನ ಸರದಿಗೆ ಕಾದಿದ್ದರು. ೧೯೫೭ರ ಆಗಸ್ಟ್ ತಿಂಗಳು. ಊರಾಚೆಯ ಬ್ಯಾರನ್ ಗೂಡುಗಳಲ್ಲಿ ಹೊಗೆಸೊಪ್ಪು ಬೇಯುತ್ತಿದ್ದ ವಾಸನೆ ಇಲ್ಲಿಗೂ ಬರುತ್ತಿತ್ತು. ಪಕ್ಕದ ಮನೆಯ ಅಂಕಯ್ಯ ಕಂಬಕ್ಕೆ ಒರಗಿ, "ನಮ್ಮೋಳ್ಗೂ ಒಂದಪ ಚುಚ್ಚಿ ನೋಡಿ ಸಾರ್, ನಾನೇನಂದ್ರೂ ಅವ್ಳಿಗೆ ತಾಗಾಕೇ ಇಲ್ಲ" ಎಂದ. ನಾಲ್ಕು ಜನ ನಕ್ಕರು. ಆದರೆ ಶಿವರುದ್ರಮ್ಮನ ಪಕ್ಕದಲ್ಲಿ ಕೂತಿದ್ದ ಹೆಂಗಸು ನಗದೆ, ಬೆಂಚಿನ ತುದಿಗೆ ಸರಿದುಕೊಂಡಳು.

ಶಿವರುದ್ರಮ್ಮನ ಮೈದುನ ಚನ್ನಬಸವಣ್ಣ ಅದನ್ನು ನೋಡಿದ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದವನು ಅವನು. ಮಚ್ಚೆ ಕಂಡಾಗಿನಿಂದ ಅವನ ಹೆಂಡತಿ ಪ್ರೇಮಮ್ಮ ಆಕೆಗೆ ಅನ್ನವನ್ನು ಎತ್ತರದಿಂದ ಬಡಿಸುತ್ತಿದ್ದಳು. ಸೊಪ್ಪು ಕಟ್ಟಲು ಬರುತ್ತಿದ್ದ ಕೂಲಿ ಹೆಂಗಸರಲ್ಲಿ ಐವರು ಬಿಟ್ಟುಹೋಗಿದ್ದರು. ಕಿತ್ತ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸದಿದ್ದರೆ ಅದು ಕರ್ರಗಾಗುತ್ತದೆ. "ಅವರು ದೊಡ್ಡರೋಗ ಅಂತ ಬರ್ಕಂಡ್ರೆ, ಅತ್ಗೆಮ್ಮ, ಹೊಲದ ಗುಡ್ಲಲ್ಲಿ ಇರಿ. ಊಟ ನಾನೇ ತಂದ್ಕೊಡ್ತೀನಿ" ಎಂದು ಹಿಂದಿನ ದಿನ ಅವನು ನೆಲ ನೋಡಿಕೊಂಡು ಹೇಳಿದ್ದ.

ದೇವಯ್ಯ ಪಟ್ಟಿಯಲ್ಲಿ ಹೆಸರು ಬರೆದ. ಮುಂದಿನ ರೋಗದ ಕಾಲಂ ತುಂಬುವ ಮೊದಲು ಒಳಗಿದ್ದ ಡಾಕ್ಟರನ್ನು ಕರೆದ.

ಮೈಸೂರಿನಿಂದ ಬಂದಿದ್ದ ಸುನಂದಮ್ಮ ಸಮೀಕ್ಷೆಯ ಡಾಕ್ಟರಲ್ಲ. ಕುಷ್ಠದ ಹಾಗೆ ಕಂಡು ಕುಷ್ಠವಲ್ಲದ ಚರ್ಮರೋಗಗಳನ್ನು ಹುಡುಕಿ ಅಭ್ಯಾಸ ಮಾಡುವುದು ಆಕೆಯ ಕೆಲಸ. ಆಕೆ ಸೂಜಿ ಮುಟ್ಟಲಿಲ್ಲ. ಜೇಬಿನಿಂದ ಚಿಕ್ಕ ಅಡಿಪಟ್ಟಿ ತೆಗೆದು ಮಚ್ಚೆಗಳನ್ನು ಒಂದೊಂದಾಗಿ ಅಳೆದರು.

"ಮೂರೂ ಒಂದೇ ಅಳತೆ" ಎಂದರು. "ಮೂರೂ ದುಂಡಗೆ. ರೋಗ ಹೀಗೆ ಅಳತೆ ಹಿಡಿದು ಬರೋದಿಲ್ಲ. ಏನು ಹಚ್ಚಿದ್ದಿರಿ ಇದಕ್ಕೆ?"

"ಏನೂ ಇಲ್ಲ, ಅಂಗೇ ಬಂದದ್ದು" ಎಂದ ಚನ್ನಬಸವಣ್ಣ, ಕೇಳುವ ಮೊದಲೇ ಸಿದ್ಧಮಾಡಿಕೊಂಡವನಂತೆ.

ಡಾಕ್ಟರು ಅವನ ಮುಖವನ್ನು ತುಸು ಹೊತ್ತು ನೋಡಿದರು. ಶಿವರುದ್ರಮ್ಮ ಸೆರಗಿನ ಅಂಚು ಹಿಡಿದು ಕೂತಳು. ಪಿರಿಯಾಪಟ್ಟಣದ ಕಡೆಯ ನಾಟಿವೈದ್ಯ ಮರಿಯಯ್ಯ ಯುಗಾದಿ ಕಳೆದ ಮೇಲೆ, ತೋಳಿನ ಮೇಲೆ ಎದ್ದಿದ್ದ ಕಲೆಗಳಿಗೆ ತಾಮ್ರದ ಬಿಲ್ಲೆ ಕಾಯಿಸಿ ಬರೆ ಹಾಕಿದ್ದ. ಮದ್ದಿನ ವಿಷಯ ಮೂರನೆಯವರ ಕಿವಿಗೆ ಬಿದ್ದರೆ ಮದ್ದು ಕೆಡುತ್ತದೆ, ರೋಗ ಇಮ್ಮಡಿಯಾಗುತ್ತದೆ ಎಂದು ಆಕೆ, ಮೈದುನ ಇಬ್ಬರಿಂದಲೂ ಭಾಷೆ ತೆಗೆದುಕೊಂಡಿದ್ದ. ಆ ಕಡೆಯ ವೈದ್ಯರೆಲ್ಲ ಹೇಳುವ ಮಾತು ಅದು. ಮೀರಿದವರು ಯಾರೂ ಇರಲಿಲ್ಲ.

"ಒಳಗೆ ಬನ್ನಿ" ಎಂದು ಡಾಕ್ಟರು ಆಕೆಯನ್ನು ಎರಡನೇ ಕ್ಲಾಸಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು.

"ನಿಮಗೆ ಎಲ್ಲಿ ಕೆರೆತ ಬರುತ್ತೆ?"

"ಕೆರೆತ ಯಾಕ್ ಕೇಳ್ತೀರಿ?"

"ಕುಷ್ಠದ ಮಚ್ಚೆ ಸಾಮಾನ್ಯವಾಗಿ ಕೆರೆಯೋದಿಲ್ಲ. ಅದಕ್ಕೆ."

ಶಿವರುದ್ರಮ್ಮ ಸೀರೆಯ ಬಿಗಿ ಸರಿಮಾಡಿಕೊಂಡಳು. ಈಯಮ್ಮ ಬಾಯಿ ಬಿಡಿಸುತ್ತಿದ್ದಾಳೆ ಅನ್ನಿಸಿತು. ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಸೊಂಟದ ಮೇಲೆ ಇನ್ನೊಂದಿದೆ ಎಂದು ಮೈದುನನಿಗೂ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಕೆರೆದು ಬೆಳಿಗ್ಗೆ ಸೀರೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಹೇಳದಿದ್ದರೆ ಹೊರಗೆ ದೇವಯ್ಯನ ಪಟ್ಟಿಯಲ್ಲಿ ಆ ಕಾಲಂ ತುಂಬುತ್ತದೆ.

"ತಾಯಿ, ಅದು ಬರೆ" ಎಂದಳು ಕೊನೆಗೆ, ಬಾಗಿಲ ಕಡೆ ನೋಡುತ್ತ. "ಸುಟ್ಟಿದ್ದು. ಏಳ್ಬಾರ್ದು ಅಂದಿದ್ರು, ಏಳ್ಬುಟ್ಟೆ. ಇನ್ ಏನಾಯ್ತದೋ ಆಗ್ಲಿ." ಆಮೇಲೆ ಸೀರೆ ಸಡಿಲಿಸಿ ಸೊಂಟ ತೋರಿಸಿದಳು.

ಅಂಗೈಯಗಲದ ಕೆಂಪು ಮಚ್ಚೆ, ಅಂಚು ಅಂಕುಡೊಂಕು, ಮೇಲೆ ಸಣ್ಣ ಹೊಟ್ಟು. ಡಾಕ್ಟರು ಸೂಜಿ ತಾಗಿಸಿದರು.

"ಅಯ್ಯೋ! ನಿಮ್ಮ ಕೈ ಸೇದೋಗ!"

ಡಾಕ್ಟರು ನಕ್ಕುಬಿಟ್ಟರು. "ಬೈಯಿರಿ ಬೈಯಿರಿ. ಸ್ಪರ್ಶ ಇದೆ. ಬೆಂದ ಚರ್ಮಕ್ಕೆ ಇರಲಿಲ್ಲ, ಅಷ್ಟೆ." ನಗುತ್ತಲೇ ಮಚ್ಚೆಯ ಮೇಲೆ ಬೆರಳಾಡಿಸಿದರು. ಒಂದು ಕಡೆ ಚರ್ಮ ದಪ್ಪಗಾಗಿತ್ತು. ಕಂಕುಳು ಮುಟ್ಟಿ ನೋಡಿದರು, ತೊಡೆಯ ಸಂದು ಮುಟ್ಟಿ ನೋಡಿದರು. ಅಲ್ಲಿ ಹುಣಿಸೆಬೀಜದಂಥ ಎರಡು ಗಂಟು ಕೈಗೆ ಸಿಕ್ಕವು. ನಗು ನಿಂತಿತು. ಅದು ನಿಂತದ್ದನ್ನು ಶಿವರುದ್ರಮ್ಮ ಗಮನಿಸಿದಳು.

"ಇಲ್ಲಿಂದ ಕಡಲೆಕಾಳಿನಷ್ಟು ಚರ್ಮ ಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಬೇಕು."

ಹೊರಗೆ ಬಂದು ಡಾಕ್ಟರು, ತೋಳಿನದು ಬರೆ, ಸೊಂಟದ ಚರ್ಮ ನೋಡಬೇಕು ಎಂದಾಗ ಚನ್ನಬಸವಣ್ಣ ಅಡ್ಡ ನಿಂತ. "ಚರ್ಮ ಕೂಯ್ಕೊಂಡೋಗಿ ಏನ್ ಮಾಡ್ತೀರಿ? ಉಣಸೂರಲ್ಲಿ ಇಂಗೇ ಒಬ್ಬನ ತಾವ ರಕ್ತ ತಗಂಡೋದ್ರಂತೆ, ವಾಪಸ್ ಒಂದು ಮಾತಿಲ್ಲ."

"ಬಿಳೀ ಜನಕ್ಕೆ ತ್ಯಾಪೆ ಆಕ್ತಾರೆ ಕಣ್ಲಾ, ಅದ್ಕೇ" ಎಂದ ಅಂಕಯ್ಯ. ಈ ಸಲ ಯಾರೂ ನಗಲಿಲ್ಲ.

"ಮೈ ನಂದು, ಕೂಯ್ಲಿ ಬುಡು" ಎಂದಳು ಶಿವರುದ್ರಮ್ಮ. ಡಾಕ್ಟರ ಕಡೆ ತಿರುಗಿ, "ನಂಗೊಂದು ಕಾಗದ ಬೇಕು ತಾಯಿ. ಏನೈತೋ ಅದ್ನ ಕನ್ನಡದಲ್ಲೇ ಬರ್ದು ಕಳಿಸ್ಬೇಕು. ಅಂಗಾದ್ರೆ ಕೂಯ್ರಿ."

"ಖಂಡಿತ ಕಳಿಸ್ತೀನಿ."

ಮೊದಲು ಒಂದು ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷದಲ್ಲಿ ಸೊಂಟ ಜೋಮು ಹಿಡಿಯಿತು. ಶಿವರುದ್ರಮ್ಮ ಗಾಬರಿಯಿಂದ ಡಾಕ್ಟರ ಕೈ ಹಿಡಿದುಕೊಂಡಳು. "ಏನ್ ಮಾಡುದ್ರಿ? ಇಲ್ಲೂ ತಿಳೀದಂಗಾಯ್ತಲ್ಲ!" ಸಂಜೆಯೊಳಗೆ ಮರಳಿ ಬರುತ್ತದೆ ಎಂದರೂ ನಂಬಲಿಲ್ಲ. ಚರ್ಮದ ಚೂರು ಔಷಧದ ಸೀಸೆಯಲ್ಲಿ ಮುಳುಗುವುದನ್ನೂ, ಸೀಸೆಗೆ ತನ್ನ ಹೆಸರಿನ ಚೀಟಿ ಅಂಟುವುದನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಮನೆಗೆ ಹೋದ ಮೇಲೆ ಹೊಲಿಗೆಯ ಸುತ್ತ ಗಳಿಗೆಗೊಂದು ಸಲ ಚಿವುಟಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ನೋವು ಬಂತು.

ದೇವಯ್ಯ ರೋಗದ ಕಾಲಂ ಖಾಲಿ ಬಿಟ್ಟಿದ್ದ. ಹಾಗಾಗಿ ಗುಡಿಸಲಿನ ಮಾತೂ ಐದು ವಾರ ಹಾಗೇ ನಿಂತಿತು. ಬರೆಯ ಗುಟ್ಟು ಹೇಳಿದ್ದಕ್ಕೆ ಚನ್ನಬಸವಣ್ಣ ಅತ್ತಿಗೆಯೊಡನೆ ಸರಿಯಾಗಿ ಮಾತಾಡಲಿಲ್ಲ. ಆಕೆ ಕೆಮ್ಮಿದರೂ ಮದ್ದು ಕೆಟ್ಟ ಗುರುತೇ ಎಂದು ಪ್ರೇಮಮ್ಮ ಮುಖ ನೋಡುತ್ತಿದ್ದಳು.

ಆರನೆಯ ವಾರ ಕಾಗದ ಬಂತು. ನಾಲ್ಕು ಜನ ಕೇಳಲಿ ಎಂದು ಚನ್ನಬಸವಣ್ಣ ಜಗಲಿಯ ಮೇಲೆ ನಿಂತೇ ಓದಿದ. "'ಪರೀಕ್ಷೆಯಲ್ಲಿ ಕುಷ್ಠರೋಗದ ಯಾವ ಗುರುತೂ ಕಂಡುಬಂದಿಲ್ಲ. ಇವರಿಗಿರುವ ಕಾಯಿಲೆ ಮುಟ್ಟಿದರೆ ಅಂಟುವುದಲ್ಲ. ಇವರನ್ನು ದೂರ ಇಡಬೇಕಾದ ಕಾರಣವಿಲ್ಲ.' ಕೇಳುಸ್ತೇನ್ಲಾ ಅಂಕಯ್ಯ?"

"ಕೇಳುಸ್ತು ಕಣಪ್ಪ. ನಾನೇನ್ ಇತ್ತು ಅಂದಿದ್ನಾ?"

ಚನ್ನಬಸವಣ್ಣ ಹಾಳೆ ತಿರುವಿದ. ಹಿಂಬದಿಯೂ ತುಂಬ ಬರೆದಿತ್ತು. ಅವನ ತುಟಿ ಅಲುಗಿತು, ದನಿ ಬರಲಿಲ್ಲ. ಇದು ಚರ್ಮದಲ್ಲಿ ಶುರುವಾಗುವ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್. ನಿಧಾನವಾಗಿ ವರ್ಷಗಟ್ಟಲೆ ಬೆಳೆಯಬಹುದು. ಪೂರ್ತಿ ವಾಸಿಮಾಡುವ ಔಷಧ ಸದ್ಯಕ್ಕಿಲ್ಲ. ಎಕ್ಸ್‌ರೇ ಕಿರಣ ಕೊಟ್ಟರೆ ಮಚ್ಚೆ ಕುಗ್ಗಿ ಕೆರೆತ ಇಳಿಯುವುದುಂಟು, ತಿಂಗಳೊಳಗೆ ಮೈಸೂರಿಗೆ ಕರೆತನ್ನಿ ಎಂದಿತ್ತು. ಅವನು ಎರಡು ಸಲ ಓದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ.

"ಹಿಂದ್ಲ ಕಡೆ ಏನೈತೆ?" ಬಾಗಿಲಲ್ಲಿ ನಿಂತಿದ್ದ ಶಿವರುದ್ರಮ್ಮ ಕೇಳಿದಳು.

"ಏನಿಲ್ಲ, ಅಡ್ರೆಸ್ಸು."

"ಅಡ್ರೆಸ್ ಅಷ್ಟುದ್ದ ಇರ್ತದಾ?"

ಅವನು ಕಾಗದವನ್ನು ಜೇಬಿಗೆ ತುರುಕಿ ಒಳಗೆ ನಡೆದ. ಅಷ್ಟರಲ್ಲಿ ಪ್ರೇಮಮ್ಮ ತನ್ನ ಕಿರಿಮಗಳ ಭುಜ ಹಿಡಿದು ಕರೆತಂದಳು. ಒಂದು ಕೈಯಲ್ಲಿ ಬಾಚಣಿಗೆ, ಎಣ್ಣೆಯ ಗಿಂಡಿ. "ಅಕ್ಕಾ, ಇವಳ ತಲೆ ಸಿಕ್ಕು ನನ್ ಕೈಲಿ ಬಿಡ್ಸಾಕಾಗಕ್ಕಿಲ್ಲ" ಎಂದು ಹುಡುಗಿಯನ್ನು ಶಿವರುದ್ರಮ್ಮನ ಮುಂದೆ ಕೂರಿಸಿದಳು. ಮುಖ ಮಾತ್ರ ಬೇರೆ ಕಡೆ ತಿರುಗಿತ್ತು.

ನಡುಮನೆಯಲ್ಲಿ ಚನ್ನಬಸವಣ್ಣ ಮೈಸೂರಿನ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳುತ್ತಿದ್ದ.

"ಚನ್ನಬಸಣ್ಣ" ಎಂದಳು ಶಿವರುದ್ರಮ್ಮ, ತಿರುಗಿ ನೋಡದೆ. "ಹಿಂದ್ಲ ಪುಟಾನೂ ನೀನೇ ಓದಿ ಏಳ್ಬೇಕು. ನಾಳೀಕೆ ಬಸ್ಸಲ್ಲಿ ಓದು. ಇವತ್ತು ಬ್ಯಾಡ."

ಆಕೆ ಅಂಗೈಗೆ ಎಣ್ಣೆ ಸುರಿದುಕೊಂಡು, ಹುಡುಗಿಯ ನೆತ್ತಿಗೆ ತಟ್ಟಿ, ಕೂದಲನ್ನು ಮೂರು ಕಾಲಾಗಿ ಬಿಡಿಸಿ ಹೆಣೆಯತೊಡಗಿದಳು.

"ದೊಡ್ಡವ್ವ, ಬಿಗಿ ಆಯ್ತು" ಎಂದಿತು ಮಗು.

"ಇರು, ಸಂಜೆಗಂಟ ನಿಲ್ಬೇಕು" ಎಂದು ಆಕೆ ಇನ್ನೊಂದು ಸುತ್ತು ಎಳೆದಳು.